ಖಾರ ಮಂಡಕ್ಕಿ ರುಚಿಯ ಗೋಧಿ ಬಿಯರು

ಕಿರಾಣಿ ಅಂಗಡಿಯವನನ್ನು ಜನ ಏನೇನೋ ಕೇಳುತ್ತಾರೆ. ಆದರೆ ಬಿಯರಿಗೆ ಎಂತಹ ಕೊತ್ತಂಬರಿ ಬೀಜ ಒಳ್ಳೆಯದು ಎಂದು ಕೇಳಿದವನು ನನ್ನ ಅಕ್ಕನ ಮಗ ಒಬ್ಬನೇ. ಅವನು ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿ ಸ್ವಂತ ಬಳಕೆಗೆಂದು, ಒಂದು ಮಿತಿಯೊಳಗೆ, ಮನೆಯಲ್ಲೇ ಬಿಯರ್ ಮಾಡಿಕೊಳ್ಳಲು ಕಾನೂನಿನ ಅಡ್ಡಿಯಿಲ್ಲ. ನಮ್ಮಲ್ಲಿ ಪರವಾನಗಿ ಇಲ್ಲದೆ ಆ ಸಾಹಸಕ್ಕೆ ಇಳಿದರೆ ಅಬಕಾರಿಯವರು ಬಾಗಿಲು ತಟ್ಟುತ್ತಾರೆ. ಹಾಗಾಗಿ ಒಲೆ ಅವನದು, ಸಲಹೆ ನನ್ನದು. ದಾವಣಗೆರೆಯ ಚೌಕಿಪೇಟೆಯಲ್ಲಿರುವ ನನ್ನ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಮಧ್ಯಾಹ್ನ ಅವನ ವಿಡಿಯೊ ಕರೆ ಬರುತ್ತದೆ.

ಅವನಿಗೆ ಬೇಕಾದದ್ದು ದಾವಣಗೆರೆಯ ಖಾರ ಮಂಡಕ್ಕಿಯ ರುಚಿಯಿರುವ ಗೋಧಿ ಬಿಯರು. ಮೊದಲು ಕೇಳಿದಾಗ ನಗು ಬಂತು. ಆಮೇಲೆ ಯೋಚಿಸಿದರೆ ಹುಚ್ಚು ಅಷ್ಟೇನೂ ಅಲ್ಲ ಎನ್ನಿಸಿತು.

ಮಂಡಕ್ಕಿ ಭಟ್ಟಿಗಳ ಕಡೆ ಓಡಾಡಿದವರಿಗೆ ಕೆಲಸ ಗೊತ್ತಿರುತ್ತದೆ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಹೊಟ್ಟು ತೆಗೆದ ಅಕ್ಕಿಗೆ ಉಪ್ಪು ಹಿಡಿಸಿ ಕಾದ ಮರಳಿನಲ್ಲಿ ಹುರಿಯುತ್ತಾರೆ. ಅಂದರೆ ಅದರ ಪಿಷ್ಟ ಮೊದಲೇ ಬೆಂದು ಅರಳಿರುತ್ತದೆ. ಬಿಯರ್ ಮಾಡುವವರಿಗೆ ಇದು ದೊಡ್ಡ ಅನುಕೂಲ. ಮೊಳಕೆ ಬರಿಸಿ ಒಣಗಿಸಿದ ಧಾನ್ಯ, ಅಂದರೆ ಮಾಲ್ಟ್, ಸುಮಾರು 66 ಡಿಗ್ರಿ ಬಿಸಿಯ ನೀರಿನಲ್ಲಿ ನೆನೆಯುವಾಗ ಅದರೊಳಗಿನ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಹಸಿ ಅಕ್ಕಿಯ ಪಿಷ್ಟ ಅಷ್ಟು ಬಿಸಿಗೆ ಸುಲಭವಾಗಿ ಮಣಿಯುವುದಿಲ್ಲ. ಅದನ್ನು ಬೇರೆ ಪಾತ್ರೆಯಲ್ಲಿ ಬೇಯಿಸಿ ಸುರಿಯಬೇಕು. ಮಂಡಕ್ಕಿಗೆ ಆ ರಗಳೆಯಿಲ್ಲ, ನೇರವಾಗಿ ಹಾಕಿದರೆ ಸಾಕು. ಭಟ್ಟಿಯವರು ಅರ್ಧ ಕೆಲಸ ಮುಗಿಸಿಯೇ ಕಳುಹಿಸಿರುತ್ತಾರೆ.

ಗೋಧಿಗೆ ಇನ್ನೊಂದು ತಂಟೆ ಇದೆ. ಬಾರ್ಲಿಗೆ ಹೊಟ್ಟು ಅಂಟಿಕೊಂಡೇ ಇರುತ್ತದೆ. ನೆನೆದ ಕಾಳಿನಿಂದ ಸಿಹಿನೀರನ್ನು ಬಸಿಯುವಾಗ ಆ ಹೊಟ್ಟೇ ಸೋಸುವ ಜರಡಿ. ಗೋಧಿ ಬೆತ್ತಲೆ ಕಾಳು, ಹಿಟ್ಟಿನ ಮುದ್ದೆಯಾಗಿ ಕೂತುಬಿಡುತ್ತದೆ. ಅದಕ್ಕಾಗಿ ಭತ್ತದ ಹೊಟ್ಟನ್ನು ಬೆರೆಸುತ್ತಾರಂತೆ. ಅಳಿಯ ಚಿಕ್ಕ ಪೊಟ್ಟಣವೊಂದನ್ನು ಕ್ಯಾಮೆರಾಕ್ಕೆ ಹಿಡಿದು ತೋರಿಸಿದ. ದುಡ್ಡು ಕೊಟ್ಟು ತಂದ ಹೊಟ್ಟು! ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ಸೀಮೆಯ ಹುಡುಗ, ಇಲ್ಲಿ ರೈಸ್ ಮಿಲ್ಲುಗಳ ಹಿಂದೆ ಗುಡ್ಡೆ ಬಿದ್ದಿರುವ ವಸ್ತುವನ್ನು ಯೂರೋ ಕೊಟ್ಟು ಕೊಂಡಿದ್ದ. ಮಿಲ್ ನಡೆಸುವ ಗೆಳೆಯನಿಗೆ ಹೇಳಿದೆ. ಅವನು ಇನ್ನೂ ನಂಬಿಲ್ಲ.

ಆದರೆ ನನ್ನ ವಾದವೇ ಬೇರೆ ಇತ್ತು. ಮಂಡಕ್ಕಿಯ ರುಚಿ ಮಂಡಕ್ಕಿಯಲ್ಲಿಲ್ಲ. ಅದು ಕೊಡುವುದು ಗರಿಗರಿ ಮತ್ತು ಉಪ್ಪು. ಗರಿಗರಿಯನ್ನು ಬಾಟಲಿಗೆ ಇಳಿಸಲು ಬರುವುದಿಲ್ಲ. ಉಳಿದದ್ದೆಲ್ಲ ಹುರಿಗಡಲೆಯ ಹಿಟ್ಟು, ಖಾರದ ಪುಡಿ, ನಿಂಬೆಹುಳಿ, ಕೊತ್ತಂಬರಿಯ ಆಟ. ಅವನ್ನು ಹಿಡಿದರೆ ಮಂಡಕ್ಕಿ ಸಿಕ್ಕಂತೆ. ಹೀಗೆಂದಾಗ ಅವನು ಹೇಳಿದ: "ಮಾಮಾ, ಉಪ್ಪು, ಹುಳಿ, ಕೊತ್ತಂಬರಿ ಮೂರೂ ಇರುವ ಬಿಯರ್ ಇದೇ ಊರಿನಲ್ಲಿ ಮೊದಲಿನಿಂದಲೂ ಇದೆ."

ಅದರ ಹೆಸರು ಗೋಸೆ. ಹುಟ್ಟಿದ್ದು ಗೋಸ್ಲಾರ್ ಎಂಬ ಊರಿನಲ್ಲಿ, ಹೆಸರು ಮಾಡಿದ್ದು ಲೈಪ್‌ಜಿಗ್‌ನಲ್ಲಿ. ಗೋಧಿ ಮಾಲ್ಟಿನ ಜೊತೆ ಉಪ್ಪು ಮತ್ತು ಕೊತ್ತಂಬರಿ ಬೀಜ. ಹುಳಿ ಬರಿಸುವುದು ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾ. ನಮ್ಮ ದೋಸೆ ಹಿಟ್ಟನ್ನು ಹುಳಿ ಮಾಡುವುದೂ ಅದೇ ಬಳಗ. ಬೆಣ್ಣೆ ದೋಸೆಯ ಹಿಟ್ಟಿಗೆ ಮಂಡಕ್ಕಿ ಸೇರಿಸಿ ರುಬ್ಬುವ ಊರಿನವರು ನಾವು, ಆ ಬ್ಯಾಕ್ಟೀರಿಯಾಕ್ಕೆ ಮಂಡಕ್ಕಿ ಹೊಸದೇನಲ್ಲ.

ಇಪ್ಪತ್ತು ಲೀಟರಿನ ಲೆಕ್ಕ ಹೀಗೆ ನಿಂತಿತು: ಗೋಧಿ ಮಾಲ್ಟ್ 2.2 ಕಿಲೊ, ಬಾರ್ಲಿ ಮಾಲ್ಟ್ 1.5 ಕಿಲೊ, ಮಂಡಕ್ಕಿ 600 ಗ್ರಾಂ, ಎರಡು ಹಿಡಿ ಹೊಟ್ಟು. ಬಸಿದ ಸಿಹಿನೀರನ್ನು ಒಂದು ಕುದಿ ಕುದಿಸಿ, ಉಗುರುಬೆಚ್ಚಗಾದಾಗ ಬ್ಯಾಕ್ಟೀರಿಯಾ ಬಿಟ್ಟು ಹುಳಿ ಬರುವವರೆಗೆ ಮುಚ್ಚಿಡುವುದು. ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವು ಇದ್ದರೆ ಈ ಬ್ಯಾಕ್ಟೀರಿಯಾ ಮುದುಡಿಕೊಳ್ಳುತ್ತದೆ. ಆದ್ದರಿಂದ ಹುಳಿ ಬಂದ ಮೇಲೆ ಮತ್ತೆ ಕುದಿಸುವಾಗಲೇ ಅದನ್ನು ಹಾಕುವುದು, ಅದೂ ಚೂರೇ ಚೂರು. ಕುದಿ ಮುಗಿಯುವ ಹೊತ್ತಿಗೆ ಜಜ್ಜಿದ ಕೊತ್ತಂಬರಿ ಬೀಜ 25 ಗ್ರಾಂ, ಉಪ್ಪು 10 ಗ್ರಾಂ. ಉಪ್ಪಿಗೆ ಕೈ ಹಿಡಿದದ್ದು ಮಂಡಕ್ಕಿಯಲ್ಲಿ ಮೊದಲೇ ಇರುವುದರಿಂದ. ಆಮೇಲೆ ತಣಿಸಿ ಯೀಸ್ಟ್ ಹಾಕಿದರೆ ಅದರ ಪಾಡಿಗೆ ಅದು.

ಕೊತ್ತಂಬರಿಯ ವಿಷಯದಲ್ಲಿ ನಾನು ರಾಜಿಯಾಗಲಿಲ್ಲ. ಅಲ್ಲಿ ಸಿಗುವ ದುಂಡು ಬೀಜ ಬೇಡ ಎಂದೆ. ನಮ್ಮ ಹವೀಜ ತುಸು ಉದ್ದುದ್ದ. ಉಜ್ಜಿ ಮೂಸಿದರೆ ನಿಂಬೆಯ ಸಿಪ್ಪೆಯ ವಾಸನೆ. ಅಂಗಡಿಯ ಹೊಸ ಮೂಟೆಯಿಂದಲೇ ಕಟ್ಟಿ ಕಳುಹಿಸಿದೆ. ಜೊತೆಗೆ ಬ್ಯಾಡಗಿ ಮೆಣಸಿನಕಾಯಿ. ಗುಂಟೂರಿನದು ಬಾಯಿ ಸುಡುತ್ತದೆ, ಬ್ಯಾಡಗಿಯದು ಬಣ್ಣ ಮತ್ತು ಘಮ ಕೊಟ್ಟು ಸುಮ್ಮನಾಗುತ್ತದೆ. ಹುದುಗು ಇಳಿದ ಮೇಲೆ ಬೀಜ ತೆಗೆದು, ಎಣ್ಣೆ ಸೋಕಿಸದೆ ಹುರಿದು ಇಳಿಬಿಡಲು ಹೇಳಿದೆ. ಎಣ್ಣೆಯಂಶ ಬಿದ್ದರೆ ಬಿಯರಿನ ನೊರೆ ನಿಲ್ಲುವುದಿಲ್ಲ. ಒಗ್ಗರಣೆಯ ಆಸೆಯನ್ನು ಅವನು ಕೈಬಿಟ್ಟದ್ದೂ ಇದೇ ಕಾರಣಕ್ಕೆ.

ಹುರಿಗಡಲೆ ಹಿಟ್ಟನ್ನೂ ಬೇಡ ಎಂದೆ. ಬದಲಿಗೆ ಕಾಲು ಕಿಲೊ ಸಾದಾ ಗೋಧಿಯನ್ನು ಬಾಣಲೆಯಲ್ಲಿ, ಹುರಿಹಿಟ್ಟಿಗೆ ಹುರಿಯುವ ಹದಕ್ಕೆ ಹುರಿದು ಮಾಲ್ಟಿನ ಜೊತೆ ಹಾಕಿದ. ಬೆಳ್ಳುಳ್ಳಿಯ ಬಗ್ಗೆ ಜಗಳವೇ ಆಯಿತು. ಬೆಳ್ಳುಳ್ಳಿಯಿಲ್ಲದೆ ಎಂತಹ ಖಾರ ಮಂಡಕ್ಕಿ ಎಂಬುದು ಅವನ ಪಟ್ಟು. ಹಾಗಾದರೆ ಅದನ್ನು ಅನ್ನಕ್ಕೆ ಹಾಕಿಕೊಂಡು ಉಣ್ಣು ಎಂದು ಕರೆ ಕಡಿದೆ.

ಮೊನ್ನೆ ಊರಿಗೆ ಬಂದ. ವಿದೇಶದಿಂದ ಬರುವವರು ಸುಂಕವಿಲ್ಲದೆ ತರಬಹುದಾದ ಮದ್ಯ ಎರಡು ಲೀಟರ್. ಅರ್ಧ ಲೀಟರಿನ ನಾಲ್ಕು ಬಾಟಲಿಗಳನ್ನು ಅಂಗಿಗಳಲ್ಲಿ ಸುತ್ತಿ ತಂದಿದ್ದ. ಸಂಜೆ ಮಾಳಿಗೆಯ ಮೇಲೆ ಮಂಡಕ್ಕಿ, ಮೆಣಸಿನಕಾಯಿ ಹರಡಿಕೊಂಡು ಕೂತೆವು. ಬಣ್ಣ ಮಸುಕು ಹಳದಿ, ನೊರೆ ಗಟ್ಟಿ. ಮೊದಲು ಹುಳಿ, ಅದರ ಬೆನ್ನಿಗೇ ಉಪ್ಪು, ನುಂಗುವಾಗ ಕೊತ್ತಂಬರಿ, ಕೊನೆಗೆ ಹುರಿದ ಗೋಧಿ. ಬ್ಯಾಡಗಿ ಗಂಟಲಲ್ಲಿ ಸ್ವಲ್ಪ ಹೊತ್ತು ಉಳಿಯುತ್ತದೆ. ಖಾರ ಮಂಡಕ್ಕಿ ತಿಂದು ಮುಗಿದ ಮೇಲೆ ತಟ್ಟೆಯ ತಳದಲ್ಲಿ ಉಳಿಯುವ ನಿಂಬೆ ರಸದಂತಿತ್ತು. ನನಗೆ ಅದೇ ಭಾಗ ಇಷ್ಟ, ಆದ್ದರಿಂದ ನನ್ನ ತೀರ್ಪಿನಲ್ಲಿ ಪಕ್ಷಪಾತ ಇದ್ದೀತು. ಮಂಡಕ್ಕಿಯದೇ ರುಚಿ ಎಲ್ಲಿ ಎಂದು ಇಬ್ಬರೂ ಹುಡುಕಿದೆವು. ಬಿಯರಿನ ಮೈ ಹಗುರವಾಗಿರುವುದಷ್ಟೇ ಅದರ ಗುರುತು. ಅಕ್ಕ ಲೋಟ ಮೂಸಿ, "ಹವೀಜದ ಕಷಾಯಕ್ಕೆ ಇಷ್ಟು ಕಷ್ಟವೇ?" ಎಂದು ಕೆಳಗಿಳಿದಳು.

ಈಗ ಹೊರಡುವ ಗಡಿಬಿಡಿ. ಅವನಿಗೆ ಇನ್ನೊಂದು ಸಲಕ್ಕೆ ಭಟ್ಟಿಯ ಮಂಡಕ್ಕಿಯೇ ಬೇಕು. 600 ಗ್ರಾಂ ತೂಕವೇನೂ ಅಲ್ಲ, ಆದರೆ ಸೂಟ್‌ಕೇಸಿನಲ್ಲಿ ಕಾಲುಭಾಗ ಜಾಗ ತಿನ್ನುತ್ತದೆ. ಕುಟ್ಟಿ ಪುಡಿ ಮಾಡಿ ಒಯ್ಯಿ, ಪಾತ್ರೆಗೆ ಬಿದ್ದ ಮೇಲೆ ಹೇಗೂ ಗಂಜಿಯೇ ಎಂದೆ. ಮಂಡಕ್ಕಿಯನ್ನು ಕುಟ್ಟುವುದೇ ಎಂದು ಮುಖ ಸಿಂಡರಿಸಿದ. ಅಕ್ಕ ಮಾತ್ರ ಸೂಟ್‌ಕೇಸ್ ಎಳೆದುಕೊಂಡು, ಮೊದಲು ಚಟ್ನಿಪುಡಿ, ಜಾಗ ಮಿಕ್ಕರೆ ನಿಮ್ಮಿಬ್ಬರ ಮಂಡಕ್ಕಿ ಎಂದು ಹೇಳಿ ಕೂತಿದ್ದಾಳೆ.