ನಾನು ಏನು ಕೆಲಸ ಮಾಡಿದ್ದೆ ಅಂತ ನನಗೇ ನೆನಪಿರಲಿಲ್ಲ

2014ರಲ್ಲಿ ನಾನು ಕೆಲಸ ಬದಲಾಯಿಸಲು ಹೊರಟೆ. ಅಷ್ಟೊತ್ತಿಗೆ ಬೆಂಗಳೂರಿನ ಒಂದು ಕಂಪನಿಯ ಸಪೋರ್ಟ್ ಪ್ರಾಜೆಕ್ಟ್‌ನಲ್ಲಿ 3 ವರ್ಷ ಕಳೆದಿದ್ದೆ. ಬೇರೆಯವರು ಬರೆದ ಸಾಫ್ಟ್‌ವೇರ್‌ನಲ್ಲಿ ಏನಾದರೂ ಕೆಟ್ಟರೆ ನಮಗೆ ಟಿಕೆಟ್ ಬರುತ್ತಿತ್ತು. ಸರಿ ಮಾಡಿ ಕ್ಲೋಸ್ ಮಾಡಬೇಕು. ವಾರಗಟ್ಟಲೆ ರಾತ್ರಿ ಪಾಳಿ, ಬೆಳಗ್ಗೆ ಕ್ಯಾಬ್ ಹತ್ತಿ ರೂಮಿಗೆ. ಹೇಗಾದರೂ ಮಾಡಿ ಡೆವಲಪ್‌ಮೆಂಟ್ ಕೆಲಸಕ್ಕೆ ಹೋಗಬೇಕು ಅನ್ನೋದೊಂದೇ ಆಸೆ.

4 ಕಡೆ ಇಂಟರ್‌ವ್ಯೂ ಕೊಟ್ಟೆ. ನಾಲ್ಕರಲ್ಲೂ ಆಗಲಿಲ್ಲ. ಜಾವಾ, ಎಸ್‌ಕ್ಯೂಎಲ್ ಪ್ರಶ್ನೆಗಳಿಗೆಲ್ಲ ಸರಿಯಾಗೇ ಉತ್ತರ ಹೇಳಿದ್ದೆ. ತಡವರಿಸುತ್ತಿದ್ದದ್ದು ಒಂದೇ ಪ್ರಶ್ನೆಗೆ: ‘ನೀವೇ ಬಿಡಿಸಿದ ಒಂದು ಕಷ್ಟದ ಸಮಸ್ಯೆ ಹೇಳಿ.’ ನೂರಾರು ಟಿಕೆಟ್ ಕ್ಲೋಸ್ ಮಾಡಿದವನಿಗೆ ಹೇಳೋಕೆ ಒಂದೂ ನೆನಪಾಗುತ್ತಿರಲಿಲ್ಲ.

ನಮ್ಮ ಲೀಡ್ ಮೇಡಂ ಹತ್ತಿರ ಇದನ್ನು ಹೇಳಿಕೊಂಡೆ. ‘ದಿನಾ ಹೊರಡೋ ಮುಂಚೆ ಐದು ನಿಮಿಷ ಕೂತು ಬರಿಯಪ್ಪ’ ಅಂದರು. ‘ಏನು ಕೆಟ್ಟಿತ್ತು, ನೀನು ಮೊದಲು ಏನು ನೋಡಿದೆ, ಯಾಕೆ ಕೆಟ್ಟಿತ್ತು. ಇಂಗ್ಲಿಷ್ ಬರೆಯೋಕೆ ಕಷ್ಟ ಆದರೆ ಕನ್ನಡದಲ್ಲೇ ಬರಿ.’ ಅವತ್ತೇ ಒಂದು ನೋಟ್‌ಬುಕ್ ತಂದೆ.

ಒಂದು ತಿಂಗಳಾದ ಮೇಲೆ ಹಿಂದಿನ ಪುಟಗಳನ್ನು ತಿರುವಿ ಹಾಕಿದೆ. ಒಂದೇ ಟಿಕೆಟ್ 11 ಸಲ ಬಂದಿತ್ತು. ನಮ್ಮ ಗ್ರಾಹಕರು ಹಾಲು, ತರಕಾರಿಯನ್ನು ಅಂಗಡಿಗಳಿಗೆ ಸರಬರಾಜು ಮಾಡುವವರು. ದಿನದ ಆರ್ಡರ್ ಲೆಕ್ಕ ತಾಳೆಯಾಗುತ್ತಿಲ್ಲ ಅಂತ ದೂರು. ನಾವು ಪ್ರತಿ ಸಲ ಕೈಯಲ್ಲೇ ಸರಿಯಾದ ಪಟ್ಟಿ ಮಾಡಿ ಕಳಿಸಿ ಟಿಕೆಟ್ ಕ್ಲೋಸ್ ಮಾಡುತ್ತಿದ್ದೆವು. ನೋಟ್‌ಬುಕ್‌ನಲ್ಲಿ ಆ ಆರ್ಡರ್‌ಗಳ ಸಮಯವನ್ನೂ ಬರೆದಿದ್ದೆ. ಎಲ್ಲವೂ ನಡುರಾತ್ರಿ ದಾಟಿದ ಮೇಲೆ, ಬೆಳಗ್ಗೆ 5.30ಕ್ಕೆ ಮುಂಚೆ ಬಂದಿದ್ದವು!

ಆ ಸಂಖ್ಯೆ ನೋಡಿದ ಕೂಡಲೇ ಹೊಳೆಯಿತು. ಡೇಟಾಬೇಸ್‌ನಲ್ಲಿ ಸಮಯ ಯುಟಿಸಿಯಲ್ಲಿ, ಅಂದರೆ ಇಡೀ ಜಗತ್ತಿಗೆ ಒಂದೇ ಆಗಿರುವ ಪ್ರಮಾಣ ಸಮಯದಲ್ಲಿ ಇರುತ್ತಿತ್ತು. ಭಾರತದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಬೆಳಗಿನ ಜಾವ 4ಕ್ಕೆ ಬಂದ ಆರ್ಡರ್ ಯುಟಿಸಿಯಲ್ಲಿ ಹಿಂದಿನ ದಿನದ ರಾತ್ರಿ 10.30. ರಿಪೋರ್ಟ್‌ನ ಕ್ವೆರಿ (ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಕೋಡ್) ನೇರವಾಗಿ ಆ ತಾರೀಖನ್ನೇ ತೆಗೆದುಕೊಳ್ಳುತ್ತಿತ್ತು. ಹಾಗಾಗಿ ಆರ್ಡರ್ ಹಿಂದಿನ ದಿನದ ಲೆಕ್ಕಕ್ಕೆ ಸೇರಿಹೋಗುತ್ತಿತ್ತು. ಹಾಲಿನ ವ್ಯಾಪಾರ ಶುರುವಾಗೋದೇ ಆ ಹೊತ್ತಿಗೆ ಅಲ್ವಾ? ಬೇರೆ ವ್ಯಾಪಾರವಾಗಿದ್ದರೆ ಇದು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲವೇನೋ. ತಾರೀಖು ತೆಗೆಯುವ ಮುಂಚೆ ಸಮಯವನ್ನು ಭಾರತದ ಸಮಯಕ್ಕೆ ಬದಲಾಯಿಸಿದೆ. ಒಂದೇ ಸಾಲಿನ ಬದಲಾವಣೆ. ಆಮೇಲೆ ಆ ಟಿಕೆಟ್ ಬರಲೇ ಇಲ್ಲ.

ಐದನೇ ಇಂಟರ್‌ವ್ಯೂನಲ್ಲಿ ಇದನ್ನೇ ಹೇಳಿದೆ. ಹಿಂದಿನ ರಾತ್ರಿ ರೂಮ್‌ಮೇಟ್‌ಗೆ ಕನ್ನಡದಲ್ಲಿ ಎರಡು ಸಲ ಹೇಳಿ ನೋಡಿದ್ದೆ. ವಿಷಯ ಮನಸ್ಸಿನಲ್ಲಿ ತಿಳಿಯಾಗಿದ್ದರಿಂದ ನನ್ನ ಸಣ್ಣಪುಟ್ಟ ಇಂಗ್ಲಿಷ್ ವಾಕ್ಯಗಳೇ ಸಾಕಾದವು. ಅವರು ಅದರ ಮೇಲೇ 20 ನಿಮಿಷ ಪ್ರಶ್ನೆ ಕೇಳಿದರು. ಡೇಟಾಬೇಸ್‌ನಲ್ಲೇ ಭಾರತದ ಸಮಯ ಇಡಬಹುದಿತ್ತಲ್ಲ, ಯಾಕೆ ಇಡಲಿಲ್ಲ? ಹಳೇ ರಿಪೋರ್ಟ್‌ಗಳನ್ನು ಏನು ಮಾಡಿದಿರಿ? ನಾನೇ ಮಾಡಿದ ಕೆಲಸವಾದ್ದರಿಂದ ಹೆದರಿಕೆ ಆಗಲಿಲ್ಲ. ಕೆಲಸ ಸಿಕ್ಕಿತು.

ಈಗ ಮೇಜಿನ ಆ ಕಡೆ ಕೂತು ಇಂಟರ್‌ವ್ಯೂ ಮಾಡುವವನು ನಾನು. ರೆಸ್ಯೂಮೆಯ ಮೊದಲ ಪುಟದಲ್ಲಿ ಡಾಕರ್, ಕುಬರ್ನೆಟಿಸ್, ಕಾಫ್ಕಾ ಅಂತ ಸಾಫ್ಟ್‌ವೇರ್ ಟೂಲ್‌ಗಳ ಉದ್ದ ಪಟ್ಟಿ ಇರುತ್ತದೆ. ಅದರಲ್ಲಿ ಒಂದನ್ನು ಆರಿಸಿ, ಇದು ನಿಮಗೆ ಯಾವಾಗ ಕೈಕೊಟ್ಟಿತ್ತು ಹೇಳಿ ಅಂತ ಕೇಳುತ್ತೇನೆ. ನಿಜವಾಗಿ ಬಳಸಿದವರ ಮುಖ ಅರಳುತ್ತದೆ. ಅವರಿಗೆ ಹೇಳೋಕೆ ಬೇಕಾದಷ್ಟಿರುತ್ತದೆ. ಬಳಸದವರಿಗೆ ಆ ಐದು ನಿಮಿಷ ತುಂಬಾ ಕಷ್ಟ. ನೋಡುವ ನನಗೂ ಸಂಕಟ ಆಗುತ್ತದೆ. ದಯವಿಟ್ಟು ಆ ಪಟ್ಟಿ ಚಿಕ್ಕದು ಮಾಡಿ.

ನಮ್ಮ ಕಡೆಯ ಹುಡುಗ ಹುಡುಗಿಯರಲ್ಲಿ ಇನ್ನೊಂದು ವಿಷಯ ಗಮನಿಸಿದ್ದೇನೆ. ‘ನಾವು ಮಾಡಿದೆವು, ನಮ್ಮ ಟೀಮ್ ಮಾಡಿತು’ ಅಂತಲೇ ಹೇಳುತ್ತಾರೆ. ‘ನಾನು ನಾನು’ ಅನ್ನಬಾರದು ಅಂತ ಮನೆಯಲ್ಲಿ ಕಲಿಸಿರುತ್ತಾರಲ್ಲ. ಒಳ್ಳೆಯ ಗುಣವೇ. ಆದರೆ ಎದುರಿಗೆ ಕೂತವನಿಗೆ ನಿಮ್ಮ ಪಾಲು ಎಷ್ಟು ಅಂತ ತಿಳಿಯೋದು ಹೇಗೆ? ಕ್ವೆರಿ ಬರೆದವರು ನೀವಾದರೆ ‘ಕ್ವೆರಿ ನಾನು ಬರೆದೆ’ ಅನ್ನಿ. ಟೆಸ್ಟ್ ಮಾಡಿದ್ದು ಗೆಳೆಯನಾದರೆ ಅದನ್ನೂ ಹೇಳಿ. ಅದು ಜಂಬ ಆಗೋದಿಲ್ಲ.

ಹೋದ ವರ್ಷ ತಿಪಟೂರಿನ ಕಡೆಯ ಒಬ್ಬ ಹುಡುಗ ಫೋನ್ ಮಾಡಿದ. ಬಿಇ ಮುಗಿದು ಒಂದು ವರ್ಷ, ಕೆಲಸ ಇಲ್ಲ. ದುಡ್ಡು ಕೊಟ್ಟರೆ 2 ವರ್ಷದ ಎಕ್ಸ್‌ಪೀರಿಯೆನ್ಸ್ ಹಾಕಿಸಿಕೊಡ್ತೀವಿ ಅಂತ ಯಾರೋ ಹೇಳಿದ್ದಾರಂತೆ. ‘ಮಾಡಿಸಲಾ ಅಣ್ಣಾ?’ ಬೇಡವೇ ಬೇಡ ಅಂದೆ. ನಿಜವಾಗಿ ಕೆಲಸ ಮಾಡಿದವರಿಗೆ ಸಾಮಾನ್ಯವಾಗಿ ಪಿಎಫ್ ಕಟ್ಟಿರುತ್ತಾರೆ. ಆ ಪಿಎಫ್‌ಗೆ ಯುಎಎನ್ ಅನ್ನೋ 12 ಅಂಕಿಯ ನಂಬರ್ ಇರುತ್ತದೆ, ಕಂಪನಿ ಬದಲಾದರೂ ಅದೇ. ಯಾವ ಕಂಪನಿಯಲ್ಲಿ ಎಂದಿನಿಂದ ಎಂದಿನವರೆಗೆ ಇದ್ದರು ಅನ್ನೋದು ಅದರ ದಾಖಲೆಯಲ್ಲಿ ಬರುತ್ತದೆ. ಹೊಸ ಕಂಪನಿಯವರು ಅದನ್ನು ನೋಡುತ್ತಾರೆ. ಸೇರಿದ ಮೇಲೆ ಗೊತ್ತಾದರೆ ಕೆಲಸವೂ ಹೋಯಿತು, ಕೊಟ್ಟ ದುಡ್ಡೂ ಹೋಯಿತು. ಅಪ್ಪ ಸಾಲ ಮಾಡಿ ಕೊಡುವ ದುಡ್ಡು ಅದು.

ಅವನ ಮಾವನಿಗೆ ಹಾರ್ಡ್‌ವೇರ್ ಅಂಗಡಿ ಇದೆ. ಅಲ್ಲಿಯ ಉದ್ರಿ ಲೆಕ್ಕಕ್ಕೆ ಒಂದು ಸಣ್ಣ ಪ್ರೋಗ್ರಾಂ ಬರಿ, ಮಾವ ಅದನ್ನು ದಿನಾ ಬಳಸಲಿ, ಏನೇನು ಕೆಡುತ್ತೆ ಅಂತ ಬರೆದಿಡು ಅಂದೆ. ಎರಡು ತಿಂಗಳಿಗೆ ಒಂದು ಪುಟದ ಫೋಟೋ ಕಳಿಸಿದ. ಅಂಗಡಿಗೆ ಮಂಜುನಾಥ ಅನ್ನೋ ಹೆಸರಿನ ಮೂವರು ಬರುತ್ತಾರೆ, ಮೂವರ ಬಾಕಿಯೂ ಒಂದೇ ಖಾತೆಗೆ ಸೇರಿಹೋಗಿತ್ತು. ಬರೆದದ್ದು ಚೆನ್ನಾಗಿತ್ತು. ಆದರೆ ಯಾರು ಎಷ್ಟು ಕೊಡಬೇಕು ಅನ್ನೋದೂ ಅದರಲ್ಲಿತ್ತು. ತಕ್ಷಣ ಫೋನ್ ಮಾಡಿ ಅದನ್ನು ಹೊಡೆದು ಹಾಕಿಸಿದೆ. ನಾನೂ ನನ್ನ ನೋಟ್‌ಬುಕ್‌ನಲ್ಲಿ ಗ್ರಾಹಕರ ಹೆಸರು, ಪಾಸ್‌ವರ್ಡ್, ಕಂಪನಿಯ ಕೋಡ್ ಒಂದನ್ನೂ ಬರೆಯುತ್ತಿರಲಿಲ್ಲ. ನೀವು ಬರೆಯುವಾಗಲೂ ಇದು ನೆನಪಿರಲಿ.

ಆಮೇಲೆ ಅವನು ಹೆಸರಿನ ಬದಲು ಮೊಬೈಲ್ ನಂಬರ್ ಮೇಲೆ ಖಾತೆ ಮಾಡಿದ. ಮೊನ್ನೆ ಮತ್ತೆ ಫೋನ್. ‘ಅಣ್ಣಾ, ಅಪ್ಪ ಮಗ ಇಬ್ಬರೂ ಒಂದೇ ನಂಬರ್ ಕೊಡ್ತಾರೆ, ಲೆಕ್ಕ ಮಾತ್ರ ಬೇರೆ ಬೇರೆ ಬೇಕಂತೆ. ಏನ್ ಮಾಡ್ಲಿ?’ ಮೊದಲು ಅದನ್ನು ಬರೆದಿಡು ಅಂದೆ, ಭಾನುವಾರ ಕೂತು ಮಾತಾಡೋಣ.