ಮರೆತರೆ ಪರವಾಗಿಲ್ಲ, ಕಲೆಸಿಹೋದರೆ ಕಷ್ಟ

ಓದಿದ್ದು ತಲೆಯಲ್ಲಿ ನಿಲ್ಲುತ್ತಿಲ್ಲ ಎಂದು ಯಾರಿಗೆ ಹೇಳಿದರೂ ಮೊದಲು ಸಿಗುವುದು ಒಂದೆಲಗ. ದೊಡ್ಡಮ್ಮ ಗದ್ದೆಯ ಬದುವಿನಿಂದ ಕಿತ್ತು ಕಟ್ಟುಗಟ್ಟಲೆ ಕಳುಹಿಸುತ್ತಾರೆ, ಅಮ್ಮ ತಂಬುಳಿ ಮಾಡುತ್ತಾರೆ. ತಂಬುಳಿ ರುಚಿಯಾಗಿರುತ್ತದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಆಮೇಲೆ ಬರುವುದು ಬೆಳಗ್ಗೆ ನಾಲ್ಕಕ್ಕೆ ಎದ್ದು ಓದು ಎಂಬ ಉಪದೇಶ. ಮಲ್ಪೆ ಬಂದರಿನ ಪಕ್ಕದಲ್ಲಿ ಬೆಳೆದವಳಿಗೆ ನಾಲ್ಕು ಗಂಟೆ ಎನ್ನುವುದು ದೊಡ್ಡ ತಪಸ್ಸೇನಲ್ಲ. ಆ ಹೊತ್ತಿಗೆ ಅಮ್ಮ ಬುಟ್ಟಿ ಹಿಡಿದು ಹೊರಟಾಗಿರುತ್ತದೆ. ಏನು ಮರೆಯುತ್ತದೆ, ಹೇಗೆ ಮರೆಯುತ್ತದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ನಾನು ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್‌ನ ರಿಪೀಟರ್. ಪಿಯುಸಿ ಮುಗಿಸಿ, ಸೀಟು ಸಿಗದೆ, ಮನೆಯಲ್ಲೇ ಕುಳಿತು ಮತ್ತೆ ಅದೇ ಎನ್‌ಸಿಇಆರ್‌ಟಿ ಪುಸ್ತಕಗಳನ್ನು ಓದುತ್ತಿರುವವಳು. 180 ಪ್ರಶ್ನೆ, 180 ನಿಮಿಷ, 720 ಅಂಕ. ಅದರಲ್ಲಿ ಅರ್ಧ, ಅಂದರೆ 90 ಪ್ರಶ್ನೆ, ಜೀವಶಾಸ್ತ್ರದ್ದು. ಭೌತಶಾಸ್ತ್ರದಲ್ಲಿ ಸೂತ್ರ ಮರೆತರೂ ಹಿಂದಿನಿಂದ ಹೇಗೋ ಕಟ್ಟಿಕೊಂಡು ಬರಬಹುದು. ಜೀವಶಾಸ್ತ್ರದಲ್ಲಿ ಹಾಗಿಲ್ಲ. ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ.

ಆದರೆ ನನ್ನ ಕಾಯಿಲೆ ಮರೆವಲ್ಲ ಎಂಬುದು ನನ್ನ ವಾದ. ಮರೆತದ್ದು ಮರೆತಿದೆ ಎಂದು ಗೊತ್ತಾಗುತ್ತದೆ. ಆ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋದರೆ ಅಂಕ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಕಲೆಸಿಹೋದದ್ದು ಮಾತ್ರ ಗೊತ್ತಾಗುವುದಿಲ್ಲ. ಓಎಂಆರ್ ಹಾಳೆಯಲ್ಲಿ ತಪ್ಪು ವೃತ್ತಕ್ಕೆ ಧೈರ್ಯವಾಗಿ ಶಾಯಿ ತುಂಬಿ ಬರುತ್ತೇವೆ. ಸರಿಯಾಗಿದ್ದರೆ ನಾಲ್ಕು ಬರುತ್ತಿತ್ತು, ಈಗ ಒಂದು ಹೋಯಿತು, ಒಟ್ಟು ಐದರ ನಷ್ಟ.

ಉಸಿರಾಟದ ಅಧ್ಯಾಯವನ್ನೇ ನೋಡಿ. ಸಾಧಾರಣವಾಗಿ ಉಸಿರಾಡುವಾಗ ಒಳಗೆ ಹೋಗಿ ಹೊರಗೆ ಬರುವ ಗಾಳಿ 500 ಮಿಲಿಲೀಟರ್. ಅದರ ಮೇಲೆ ಬಲವಂತವಾಗಿ ಎಳೆದುಕೊಳ್ಳಬಹುದಾದದ್ದು 2500ರಿಂದ 3000. ಇವೆರಡೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರುತ್ತವೆ. ಇನ್ನು ಎರಡಿವೆ: ಸಾಧಾರಣ ಉಸಿರು ಬಿಟ್ಟ ಮೇಲೂ ಬಲವಂತವಾಗಿ ಹೊರಹಾಕಬಹುದಾದ ಗಾಳಿ 1000ರಿಂದ 1100, ಎಷ್ಟೇ ಊದಿದರೂ ಒಳಗೇ ಉಳಿದುಬಿಡುವ ಗಾಳಿ 1100ರಿಂದ 1200. ಮೊದಲನೆಯದು ‘ರಿಸರ್ವ್’, ಎರಡನೆಯದು ‘ರೆಸಿಡುಯಲ್’, ಒಂದೇ ತರಹ ಕೇಳಿಸುವ ಹೆಸರು. ನಾಲ್ಕು ಆಯ್ಕೆಗಳಲ್ಲಿ ಇವೆರಡನ್ನೂ ಅಕ್ಕಪಕ್ಕ ಕೂರಿಸದೆ ಇರುವಷ್ಟು ಒಳ್ಳೆಯವರು ಪ್ರಶ್ನೆ ಪತ್ರಿಕೆ ಮಾಡುವವರಲ್ಲಿ ಯಾರೂ ಇರಲಿಕ್ಕಿಲ್ಲ.

ಸೂಕ್ಷ್ಮಜೀವಿಗಳ ಅಧ್ಯಾಯ ಇನ್ನೂ ಕಠಿಣ. ಯಾವುದನ್ನು ಯಾವ ಸೂಕ್ಷ್ಮಜೀವಿ ತಯಾರಿಸುತ್ತದೆ ಎಂದು ನೆನಪಿಡಬೇಕು. ಸಿಟ್ರಿಕ್ ಆಮ್ಲಕ್ಕೆ ಆಸ್ಪರ್ಜಿಲಸ್ ನೈಜರ್. ಅಂಗಾಂಗ ಕಸಿ ಮಾಡಿದವರಿಗೆ ಕೊಡುವ ಸೈಕ್ಲೋಸ್ಪೋರಿನ್‌ಗೆ ಟ್ರೈಕೋಡರ್ಮಾ ಪಾಲಿಸ್ಪೋರಮ್. ರಕ್ತದ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್‌ಗೆ ಮೊನಾಸ್ಕಸ್ ಪರ್‌ಪ್ಯೂರಿಯಸ್. ಅದೇ ಅಧ್ಯಾಯದಲ್ಲಿ ಟ್ರೈಕೋಡರ್ಮಾ ಇನ್ನೊಮ್ಮೆ ಬರುತ್ತದೆ, ಈ ಸಲ ಗಿಡಗಳ ರೋಗಕ್ಕೆ ಜೈವಿಕ ನಿಯಂತ್ರಣವಾಗಿ. ಕಾರ್ಕಳದ ಗೆಳತಿಯ ಮನೆಯಲ್ಲಿ ಕಾಳುಮೆಣಸಿನ ಬುಡಕ್ಕೆ ಟ್ರೈಕೋಡರ್ಮಾ ಬೆರೆಸಿದ ಗೊಬ್ಬರ ಹಾಕುವುದರಿಂದ ಅವಳಿಗೆ ಈ ಎರಡನೆಯದು ಓದದೆಯೇ ಗೊತ್ತು. ನನಗೆ ಎರಡೂ ಹೊಸತು. ಬಾಯಿಪಾಠ ಮಾಡಿ ಮಲಗಿದರೆ ಬೆಳಗ್ಗೆ ಹೆಸರುಗಳೆಲ್ಲ ಇರುತ್ತವೆ, ಯಾವುದು ಯಾವುದರದ್ದು ಎನ್ನುವುದು ಇರುವುದಿಲ್ಲ. ಅವಸರದಲ್ಲಿ ದೋಣಿಗೆ ಎಳೆದು ಹಾಕಿದ ಬಲೆಯ ಹಾಗೆ ಸಿಕ್ಕುಸಿಕ್ಕಾಗಿರುತ್ತದೆ.

ಇದಕ್ಕೆ ನಾನೊಬ್ಬಳೇ ಹೊಣೆಯಲ್ಲ ಎಂದು ಸಮಾಧಾನ ಕೊಟ್ಟವರು ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್. ಅವರು ಅರ್ಥವೇ ಇಲ್ಲದ ಉಚ್ಚಾರಾಂಶಗಳ ಪಟ್ಟಿಗಳನ್ನು ತಾವೇ ಬಾಯಿಪಾಠ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಲಿತು, ಎರಡನೆಯ ಸಲ ಎಷ್ಟು ಶ್ರಮ ಉಳಿಯಿತು ಎಂದು ಲೆಕ್ಕ ಹಾಕಿದರು. ಫಲಿತಾಂಶ ಪ್ರಕಟವಾದದ್ದು 1885ರಲ್ಲಿ. ಒಂದು ಗಂಟೆಯೊಳಗೆ ಅರ್ಧಕ್ಕಿಂತ ಹೆಚ್ಚು ಹೋಗಿತ್ತು, ಒಂದು ದಿನದ ಬಳಿಕ ಉಳಿದದ್ದು ಸುಮಾರು ಮೂರನೇ ಒಂದು ಭಾಗ. ಆದರೆ ಒಂದು ತಿಂಗಳ ಬಳಿಕವೂ ಐದನೇ ಒಂದು ಭಾಗ ಉಳಿದೇ ಇತ್ತು. ಹೋಗುವುದರಲ್ಲಿ ಹೆಚ್ಚಿನದು ಮೊದಲ ದಿನವೇ ಹೋಗುತ್ತದೆ, ಆಮೇಲೆ ಉಳಿದದ್ದು ಗಟ್ಟಿ. ಮೊನಾಸ್ಕಸ್ ಪರ್‌ಪ್ಯೂರಿಯಸ್ ಎಂಬುದು ನನ್ನ ಪಾಲಿಗೆ ಅವರ ಆ ಅರ್ಥವಿಲ್ಲದ ಉಚ್ಚಾರಾಂಶವೇ.

ಅರ್ಥ ಇದ್ದಲ್ಲಿ ಏನಾಗುತ್ತದೆ ಎಂಬುದಕ್ಕೆ ನಮ್ಮ ಮನೆಯ ಹಿತ್ತಿಲೇ ಸಾಕ್ಷಿ. ಪ್ರಾಣಿ ಸಾಮ್ರಾಜ್ಯದ ಅಧ್ಯಾಯದಲ್ಲಿ ಮೃದ್ವಸ್ಥಿ ಮೀನು, ಮೂಳೆ ಮೀನು ಎಂದು ಎರಡು ವರ್ಗ. ಮೊದಲನೆಯದಕ್ಕೆ ಕಿವಿರಿನ ಮೇಲೆ ಮುಚ್ಚಳ ಇಲ್ಲ, ಗಾಳಿಚೀಲ ಇಲ್ಲ, ಈಜದಿದ್ದರೆ ಮುಳುಗುತ್ತದೆ. ಎರಡನೆಯದಕ್ಕೆ ಎರಡೂ ಇವೆ. ತರಗತಿಯಲ್ಲಿ ಎಲ್ಲರೂ ಇದನ್ನು ಕೋಷ್ಟಕ ಮಾಡಿ ಬರೆದುಕೊಂಡರು. ನಾನು ಬರೆದುಕೊಳ್ಳಲಿಲ್ಲ. ಅಮ್ಮ ಬಂಗುಡೆ ಕೊಳ್ಳುವ ಮೊದಲು ಹೆಬ್ಬೆರಳಿನಿಂದ ಎತ್ತಿ, ಒಳಗೆ ಕೆಂಪಗಿದೆಯೋ ಕಂದಿದೆಯೋ ಎಂದು ನೋಡುವುದು ಆ ಮುಚ್ಚಳವನ್ನೇ. ಮೃದ್ವಸ್ಥಿ ಮೀನಾದ ತೊರಕೆಯನ್ನು ಹಾಗೆ ನೋಡಲು ಬರುವುದಿಲ್ಲ. ಅದನ್ನು ಕಲ್ಲಿನ ಮೇಲೆ ಮಗುಚಿ ಹಾಕಿದರೆ ಬಿಳಿ ಹೊಟ್ಟೆಯ ಕಡೆ, ಬಾಯಿಯ ಕೆಳಗೆ, ಎರಡೂ ಬದಿಗೆ ಐದೈದು ಸಣ್ಣ ಸೀಳುಗಳು, ಬ್ಲೇಡಿನಿಂದ ಗೀರಿದಂತೆ. ಮುಚ್ಚಳ ಎಂಬುದೇ ಇಲ್ಲ.

ಪುಸ್ತಕದಲ್ಲಿ ಟಾರ್ಪಿಡೊ ಮತ್ತು ಟ್ರೈಗಾನ್ ಅಕ್ಕಪಕ್ಕ ಬರುತ್ತವೆ. ಒಂದಕ್ಕೆ ವಿದ್ಯುತ್ ಅಂಗ, ಇನ್ನೊಂದಕ್ಕೆ ವಿಷದ ಮುಳ್ಳು. ಎರಡರ ಹೆಸರೂ ‘ಟ’ಕಾರದಿಂದ ಶುರುವಾಗುವುದರಿಂದ ಅರ್ಧ ತರಗತಿ ಅದಲುಬದಲು ಮಾಡುತ್ತದೆ. ನನಗೆ ಟ್ರೈಗಾನ್ ಎಂದರೆ ತೊರಕೆ. ಬಲೆಯಿಂದ ಬಿಡಿಸುವಾಗ ಮೊದಲು ಬಾಲದ ಮುಳ್ಳನ್ನು ಕತ್ತರಿಸಿ ಎಸೆಯಬೇಕು ಎಂದು ಅಪ್ಪ ಹೇಳಿಕೊಟ್ಟದ್ದು ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ. ಅದು ಕಲೆಸಲು ಸಾಧ್ಯವೇ ಇಲ್ಲ.

ಎಲ್ಲದಕ್ಕೂ ಹಿತ್ತಿಲು ಸಿಗುವುದಿಲ್ಲವಲ್ಲ. ಹಾಗಾಗಿ ಈಗ ಅಧ್ಯಾಯವಾರು ನೋಟ್ಸ್ ಬಿಟ್ಟು ಜೋಡಿಗಳ ಪುಸ್ತಕವೊಂದನ್ನು ಮಾಡಿಕೊಂಡಿದ್ದೇನೆ. ಮಾಕ್ ಟೆಸ್ಟ್‌ನಲ್ಲಿ ತಪ್ಪಾದದ್ದನ್ನು ಸರಿ ಉತ್ತರದೊಂದಿಗೆ ಬರೆಯುವುದಿಲ್ಲ. ಯಾವುದರ ಜೊತೆ ಕಲೆಸಿತೋ ಅದರ ಜೊತೆ ಬರೆಯುತ್ತೇನೆ. ಎಡಕ್ಕೆ ಒಂದು, ಬಲಕ್ಕೆ ಇನ್ನೊಂದು, ನಡುವೆ ಇವೆರಡನ್ನು ಬೇರೆ ಮಾಡುವ ಒಂದೇ ಒಂದು ಸಾಲು. ಮರುದಿನ ಎಡಬಲ ಮುಚ್ಚಿ ನಡುವಿನ ಸಾಲಿನಿಂದ ಎರಡನ್ನೂ ಬಿಡಿಸಿ ಹೇಳಬೇಕು. ಬರದಿದ್ದರೆ ತಕ್ಷಣ ಪುಟ ತೆರೆಯುವ ಹಾಗಿಲ್ಲ, ಸ್ವಲ್ಪ ಒದ್ದಾಡಬೇಕು.

ಈ ಒದ್ದಾಟ ಹಿಂಸೆ ಎಂಬುದು ನಿಜ. ಮತ್ತೊಮ್ಮೆ ಓದುವುದು ಎಷ್ಟೋ ಸುಖ: ಸಾಲುಗಳೆಲ್ಲ ಪರಿಚಿತ, ಎಲ್ಲ ಬಂದಂತೆಯೇ ಅನಿಸುತ್ತದೆ. 2006ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಕಾಲೇಜು ವಿದ್ಯಾರ್ಥಿಗಳ ಮೇಲೆ ಇದನ್ನೇ ಪರೀಕ್ಷಿಸಿದರು. ಒಂದು ಗುಂಪು ಒಂದೇ ಪಾಠವನ್ನು ಮತ್ತೆ ಮತ್ತೆ ಓದಿತು. ಇನ್ನೊಂದು ಗುಂಪು ಒಮ್ಮೆ ಓದಿ, ಆಮೇಲೆ ಪುಸ್ತಕ ನೋಡದೆ ನೆನಪಿಸಿಕೊಂಡು ಬರೆಯಿತು. ಐದು ನಿಮಿಷದ ಬಳಿಕ ಓದಿದವರೇ ಮುಂದಿದ್ದರು. ಒಂದು ವಾರದ ಬಳಿಕ ಓದಿದವರಲ್ಲಿ ಉಳಿದದ್ದು ಶೇಕಡ 40ರಷ್ಟು, ನೆನಪಿಸಿಕೊಂಡವರಲ್ಲಿ ಶೇಕಡ 61ರಷ್ಟು. ತಮಗೆ ಹೆಚ್ಚು ನೆನಪಿರುತ್ತದೆ ಎಂದು ಮೊದಲೇ ನಂಬಿದ್ದವರು ಮಾತ್ರ ಓದಿದವರು! ಹೈಲೈಟರ್ ಮಾರುವವರ ಹೊಟ್ಟೆ ಇದರಿಂದಲೇ ತುಂಬುತ್ತಿರಬೇಕು.

ಜೂನ್, ಜುಲೈಯಲ್ಲಿ ಮೀನುಗಾರಿಕೆಗೆ ನಿಷೇಧವಿದ್ದಾಗ ಅಪ್ಪ ಮನೆಯಲ್ಲಿದ್ದರು. ಜೋಡಿ ಪುಸ್ತಕ ಹಿಡಿದು ಪ್ರಶ್ನೆ ಕೇಳುವ ಕೆಲಸ ಅವರದಾಯಿತು. ಇಂಗ್ಲಿಷ್ ಅವರಿಗೆ ಅಷ್ಟಾಗಿ ಬಾರದು, ಅಕ್ಷರ ಕೂಡಿಸಿ ಓದುತ್ತಾರೆ. ಉತ್ತರ ಸರಿಯೋ ತಪ್ಪೋ ಗೊತ್ತಾಗುತ್ತಿರಲಿಲ್ಲ, ಆದರೆ ನಾನು ಎಲ್ಲಿ ತಡವರಿಸಿದೆ ಎಂದು ಚೆನ್ನಾಗಿ ಗೊತ್ತಾಗುತ್ತಿತ್ತು.

“ಇದು ನಿನಗೆ ಬರುವುದಿಲ್ಲ ಮಗಳೇ, ದನಿ ಸಣ್ಣದಾಯಿತು” ಎನ್ನುತ್ತಿದ್ದರು.

ಅಂಥ ಪುಟದ ಮೂಲೆ ಮಡಚಿಡುತ್ತಿದ್ದರು. ಆ ಮೂಲೆಗಳು ಹೆಚ್ಚೂಕಡಿಮೆ ಎಲ್ಲವೂ ಸರಿಯಾಗಿದ್ದವು.

ರಸಾಯನಶಾಸ್ತ್ರಕ್ಕೆ ಈ ಉಪಾಯ ಅರ್ಧ ಮಾತ್ರ ನಡೆಯುತ್ತದೆ. ಪರ್ಮಾಂಗನೇಟ್ ನೇರಳೆ, ಡೈಕ್ರೋಮೇಟ್ ಕಿತ್ತಳೆ ಎಂಬಲ್ಲಿವರೆಗೆ ಸರಿ. ಲ್ಯಾಂಥನಾಯ್ಡುಗಳ ಸಾಲಿಗೆ ಬಂದರೆ ಅಲ್ಲಿ ಇರುವುದು ಜೋಡಿಯಲ್ಲ, ಒಂದನ್ನೊಂದು ಹೋಲುವ ಹದಿನಾಲ್ಕು ಧಾತುಗಳ ಹಿಂಡು. ಅದನ್ನು ಸದ್ಯಕ್ಕೆ ಬಿಟ್ಟಿದ್ದೇನೆ. ಅಲ್ಲಿಂದ ಪ್ರಶ್ನೆ ಬಂದರೆ ಖಾಲಿ ಬಿಟ್ಟು ಬರುತ್ತೇನೆ, ಐದರ ಬದಲು ನಾಲ್ಕೇ ಹೋಗಲಿ.