ತಮ್ಮ ಬಂದ ಮೇಲೆ ಅಕ್ಕ ಅರ್ಥವಾದಳು

ನಮ್ಮ ಚಿಕ್ಕವನಿಗೆ ಹತ್ತು ತಿಂಗಳು ತುಂಬಿತು. ಕೈಗೆ ಸಿಕ್ಕಿದ್ದನ್ನು ಹಿಡಿದು ಎದ್ದು ನಿಲ್ಲುತ್ತಾನೆ. ಕುರ್ಚಿ ಕಾಲು, ಕಿಟಕಿ ಪರದೆ, ಅಕ್ಕನ ಫ್ರಾಕು, ಏನಾದರೂ ಸರಿ. ನಿಂತ ಮೇಲೆ ಕೂರೋದು ಹೇಗೆ ಅಂತ ಇನ್ನೂ ಗೊತ್ತಿಲ್ಲ, ಹಾಗಾಗಿ ನಿಂತಲ್ಲೇ ಕೂಗುತ್ತಾನೆ. ಓಡಿ ಹೋಗಿ ಕೂರಿಸಿದರೆ ತಕ್ಷಣ ಮತ್ತೆ ಏಳುತ್ತಾನೆ.

ಇದೇ ವಯಸ್ಸಿನಲ್ಲಿ ಅವನ ಅಕ್ಕ ಕೂತಲ್ಲೇ ಕೂತಿರುತ್ತಿದ್ದಳು. ಒಂದು ಡಬ್ಬದ ಮುಚ್ಚಳ ಕೊಟ್ಟರೆ ಸಾಕು. ತಿರುಗಿಸಿ, ನೆಲಕ್ಕೆ ಬಡಿದು, ಬಾಯಿಗಿಟ್ಟು, ಮತ್ತೆ ತಿರುಗಿಸಿ, ಅದರ ಅಂಚಿನ ಮೇಲೆ ಬೆರಳಾಡಿಸುತ್ತಾ ಇರುತ್ತಿದ್ದಳು. ಈಗ ಅವಳಿಗೆ ನಾಲ್ಕೂವರೆ ವರ್ಷ. ಅವಳೊಬ್ಬಳೇ ಇದ್ದಾಗ, ಅವಳು ಮಾಡಿದ್ದೆಲ್ಲ ನನ್ನ ಪಾಲಿಗೆ ‘ಮಕ್ಕಳು ಮಾಡುವುದು’ ಆಗಿತ್ತು. ಪಕ್ಕದಲ್ಲಿಟ್ಟು ನೋಡಲು ಇನ್ನೊಂದು ಮಗು ಇರಲಿಲ್ಲವಲ್ಲ. ಅದರಲ್ಲಿ ಅವಳದ್ದೇ ಅನ್ನುವಂಥದ್ದು ಎಷ್ಟಿತ್ತು ಅನ್ನೋದು ಇವನು ಬಂದ ಮೇಲೆ ಒಂದೊಂದಾಗಿ ಕಾಣುತ್ತಿದೆ. ಅದನ್ನೇ ಬರೆದಿಡೋಣ ಅನ್ನಿಸಿತು.

ತೂಕದಿಂದ ಶುರು ಮಾಡುತ್ತೇನೆ, ಯಾಕೆಂದರೆ ಎಲ್ಲರೂ ಮೊದಲು ಕೇಳೋದು ಅದನ್ನೇ. ಮಗಳು ಹುಟ್ಟಿದಾಗ 2.7 ಕಿಲೋ, ಮಗ 3.2. ಮೊದಲನೆಯ ಮಗುವಿಗಿಂತ ಎರಡನೆಯದು ಸ್ವಲ್ಪ ಜಾಸ್ತಿ ತೂಕ ಇರುವುದು ಸಾಮಾನ್ಯ ಅಂತ ಡಾಕ್ಟರು ಹೇಳಿದರು. ಮಗಳ ತೂಕ ಹುಟ್ಟಿದ ಮೊದಲ ದಿನಗಳಲ್ಲಿ ಇಳಿದಾಗ ನನಗೆ ಕೈಕಾಲು ತಣ್ಣಗಾಗಿತ್ತು. ಮಗನ ತೂಕವೂ ಇಳಿಯಿತು. ಆದರೆ ಅಷ್ಟರಲ್ಲಿ ನನಗೆ ಗೊತ್ತಿತ್ತು: ಹುಟ್ಟಿದ ತೂಕದಲ್ಲಿ ಶೇ. 10ರವರೆಗೆ ಇಳಿಯಬಹುದು, ಎರಡು ವಾರದೊಳಗೆ ಅದು ವಾಪಸ್ ಬರುತ್ತದೆ. ಮಗಳು ಆ ಎರಡು ವಾರವನ್ನೂ ಪೂರ್ತಿ ತೆಗೆದುಕೊಂಡಿದ್ದಳು. ಇವನು ಒಂದೇ ವಾರದಲ್ಲಿ ತಲುಪಿಬಿಟ್ಟ. ಹಾಲು ಕುಡಿಯುವಾಗ ಅವಳು ನಡುನಡುವೆ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದಳು. ಇವನಿಗೆ ನನ್ನ ಮುಖದ ಕಡೆ ಗಮನವೇ ಇಲ್ಲ, ಕುಡಿದು ಮುಗಿಸಿ ಹೊರಡಬೇಕು.

ಅವಳು ಒಂದು ವರ್ಷಕ್ಕೆ 8 ಕಿಲೋ ಇದ್ದಳು. ಇವನು ಹತ್ತು ತಿಂಗಳಿಗೇ 9 ಕಿಲೋ. ಇದನ್ನು ಕೇಳಿದವರು ತಟ್ಟನೆ ಹೇಳುವ ಮಾತು ಒಂದೇ: “ಹುಡುಗಿ ಆಗ ಸಣ್ಣ ಇದ್ದಳು ಬಿಡಿ, ಇವನು ಚೆನ್ನಾಗಿದ್ದಾನೆ.” ಅವಳ ಎದುರಿಗೇ ಹೇಳುತ್ತಾರೆ. ನನಗೆ ಇದು ಇಷ್ಟವಾಗುವುದಿಲ್ಲ. ಅದು ಸರಿಯೂ ಅಲ್ಲ. ಈಗ ಹೆಚ್ಚಿನ ಡಾಕ್ಟರುಗಳು ನೋಡುವ ಬೆಳವಣಿಗೆಯ ಚಾರ್ಟ್ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದದ್ದು. ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ, ಈ ಆರು ದೇಶಗಳ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಅಳೆದು ಅದನ್ನು ಮಾಡಿದರು. ಅದರಲ್ಲಿ ಗಂಡು ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಚಾರ್ಟ್ ಇದೆ. ಒಂದು ವರ್ಷದ ಗಂಡು ಮಗುವಿನ ನಡುವಿನ ಗೆರೆ 9.6 ಕಿಲೋ ಹತ್ತಿರ, ಹೆಣ್ಣು ಮಗುವಿನದು 8.9. ಅಂದಮೇಲೆ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಕೂರಿಸಿ ನೋಡುವುದರಲ್ಲಿ ಅರ್ಥವೇ ಇಲ್ಲ, ಅಲ್ವಾ?

ಮಗಳು ಹುಟ್ಟಿದಾಗಿನಿಂದ 15ರ ಗೆರೆಯ ಆಸುಪಾಸಿನಲ್ಲೇ ಬಂದಳು. ಅಂದರೆ ಅವಳದೇ ವಯಸ್ಸಿನ ನೂರು ಹೆಣ್ಣುಮಕ್ಕಳನ್ನು ತೂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಅವಳಿಗಿಂತ ಕಡಿಮೆ ಇರುವವರು 15 ಮಂದಿ. ಇದು ಫೇಲಾದ ಮಾರ್ಕ್ಸ್ ಅಲ್ಲ. ಮಗು ಯಾವ ಗೆರೆಯಲ್ಲಿದೆ ಅನ್ನೋದಕ್ಕಿಂತ, ತನ್ನ ಗೆರೆ ಹಿಡಿದು ಹೋಗುತ್ತಿದೆಯಾ ಅನ್ನೋದು ಮುಖ್ಯ ಅಂತ ಡಾಕ್ಟರು ಪ್ರತಿ ಸಲವೂ ಸಮಾಧಾನದಿಂದ ಹೇಳುತ್ತಿದ್ದರು. ಅವಳು ಹಿಡಿದ ಗೆರೆಯನ್ನು ಇವತ್ತಿಗೂ ಬಿಟ್ಟಿಲ್ಲ. ಇವನು ಆರು ತಿಂಗಳವರೆಗೆ ನಡುಗೆರೆಗಿಂತ ಸ್ವಲ್ಪ ಮೇಲಿದ್ದ. ಓಡಾಟ ಶುರುವಾದ ಮೇಲೆ ಸ್ವಲ್ಪ ಕೆಳಗೆ ಬಂದಿದ್ದಾನೆ. ಇಡೀ ದಿನ ಮನೆಯೆಲ್ಲ ಅಳೆಯುವವನಿಗೆ ಅದು ಹೆಚ್ಚೇನಲ್ಲ.

ಆದರೆ ಇಬ್ಬರ ನಡುವಿನ ನಿಜವಾದ ವ್ಯತ್ಯಾಸ ಕಾಣುವುದು ಮೈ ಬಳಸುವ ರೀತಿಯಲ್ಲಿ. ಮಗ ನಾಲ್ಕು ತಿಂಗಳಿಗೆ ಬೋರಲು ಬಿದ್ದ, ಏಳಕ್ಕೆ ಅಂಬೆಗಾಲಿಟ್ಟ. ಮಗಳು ಅಂಬೆಗಾಲು ಇಡಲೇ ಇಲ್ಲ. ಕೂತುಕೊಂಡೇ, ಒಂದು ಕೈ ನೆಲಕ್ಕೆ ಊರಿ, ಕುಂಡಿಯ ಮೇಲೆ ಸರಿದು ಸರಿದು ಬರುತ್ತಿದ್ದಳು. ಒಳ್ಳೇ ವೇಗದಲ್ಲೇ ಬರುತ್ತಿದ್ದಳು, ಇನ್ನೊಂದು ಕೈಯಲ್ಲಿ ಆಟದ ಸಾಮಾನು ಬೇರೆ. ಆಗ ನನಗೆ ಚಿಂತೆಯಾಗಿ ಅಮ್ಮನಿಗೆ ಫೋನ್ ಮಾಡಿದ್ದೆ. “ನೀನೂ ಹಂಗೇ ಬರ್ತಿದ್ದೆ ಕಣೇ, ಚಡ್ಡಿಯೆಲ್ಲ ಸವೆಸಿ ಹಾಕಿದ್ದೆ” ಅಂದಳು. ಹೀಗೆ ಸರಿಯುವುದು ಕೆಲವು ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬರುತ್ತದಂತೆ. ಅಂಥ ಮಕ್ಕಳು ನಡೆಯುವುದು ಸ್ವಲ್ಪ ತಡ. ಮಗಳು ನಡೆದದ್ದು ಹದಿನೈದು ತಿಂಗಳಿಗೆ.

ಅದೇ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಲ್ಲಿ ಮಕ್ಕಳು ಯಾವಾಗ ಕೂರುತ್ತಾರೆ, ಯಾವಾಗ ನಿಲ್ಲುತ್ತಾರೆ ಅಂತಲೂ ನೋಡಿದ್ದಾರೆ. ಆ ಅಂಕಿಗಳು ನನಗೆ ತುಂಬಾ ಧೈರ್ಯ ಕೊಟ್ಟವು. ಆಸರೆ ಇಲ್ಲದೆ ಕೂರುವುದು ಸುಮಾರು 4ರಿಂದ 9 ತಿಂಗಳ ನಡುವೆ. ಅಂಬೆಗಾಲು 5ರಿಂದ ಹದಿಮೂರೂವರೆ. ಒಂಟಿಯಾಗಿ ನಡೆಯುವುದು 8ರಿಂದ ಹದಿನೇಳೂವರೆ ತಿಂಗಳ ನಡುವೆ. ಎಷ್ಟು ಅಗಲದ ಬಾಗಿಲು ನೋಡಿ! ಇಬ್ಬರು ಆರೋಗ್ಯವಂತ ಮಕ್ಕಳ ನಡುವೆ ಒಂಬತ್ತು ತಿಂಗಳ ಅಂತರವಿದ್ದರೂ ಎರಡೂ ಸರಿಯೇ. ಆ ಮಕ್ಕಳಲ್ಲಿ ಶೇ. 4ರಷ್ಟು ಮಂದಿ ಕೈ ಮೊಣಕಾಲೂರಿ ಅಂಬೆಗಾಲಿಡಲೇ ಇಲ್ಲವಂತೆ. ಅಂದರೆ ನಮ್ಮ ಹುಡುಗಿಗೆ ಜೊತೆಗಾರರು ಸಾಕಷ್ಟಿದ್ದಾರೆ.

ತಡ ಬೇಗ ಅನ್ನೋದನ್ನು ಬಿಟ್ಟು, ಅವರು ಕಲಿಯುವ ರೀತಿಯನ್ನೇ ನೋಡುತ್ತಿದ್ದರೆ ನನಗೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಮಗಳು ನಡೆಯಲು ಕಲಿತದ್ದನ್ನು ನಾನು ನೋಡಲೇ ಇಲ್ಲ ಅನ್ನಬಹುದು. ವಾರಗಟ್ಟಲೆ ಮಂಚ ಹಿಡಿದು ನಿಂತಿದ್ದಳು. ಎಲ್ಲರೂ ಕೈ ಚಾಚಿ ಕರೆದರೂ ಬರಲಿಲ್ಲ. ಒಂದು ಮಧ್ಯಾಹ್ನ ಯಾರೂ ಕರೆಯದೆ, ಮಂಚ ಬಿಟ್ಟು, ಕೋಣೆ ದಾಟಿ ಬಾಗಿಲವರೆಗೆ ನಡೆದಳು. ಬೀಳಲೂ ಇಲ್ಲ. ಮಗ ಇನ್ನೂ ನಡೆಯುತ್ತಿಲ್ಲ, ಆದರೆ ಕೈ ಬಿಟ್ಟು ನೋಡುತ್ತಾನೆ, ಬೀಳುತ್ತಾನೆ, ಅಳುತ್ತಾನೆ, ಅಳು ಮುಗಿಯುವ ಮೊದಲೇ ಮತ್ತೆ ಎದ್ದಿರುತ್ತಾನೆ. ಅವನು ಬಿದ್ದು ಕಲಿಯುವವನು. ಅವಳು ಒಳಗೊಳಗೇ ಕಲಿತು ಮುಗಿಸಿ ಆಮೇಲೆ ಮಾಡುವವಳು. ಇವನನ್ನು ನೋಡದಿದ್ದರೆ ಅವಳ ಆ ಗುಣಕ್ಕೆ ನನ್ನ ಹತ್ತಿರ ಮಾತೇ ಇರುತ್ತಿರಲಿಲ್ಲ.

ನಿದ್ದೆಯ ಕಥೆಯೂ ಹಾಗೇ. ಮಗಳಿಗೆ ಜೋಗುಳ ಹಾಡಿದರೆ ಎರಡನೇ ಸಾಲಿಗೆ ಕಣ್ಣು ಮುಚ್ಚುತ್ತಿತ್ತು. ಅದೇ ಹಾಡನ್ನು ಮಗನಿಗೆ ಹಾಡಿದರೆ ಎದ್ದು ಕೂತು ನನ್ನ ಬಾಯಿಗೆ ಬೆರಳು ಹಾಕುತ್ತಾನೆ, ಶಬ್ದ ಎಲ್ಲಿಂದ ಬರುತ್ತಿದೆ ಅಂತ ಹುಡುಕಲು. ಅವನಿಗೆ ಕತ್ತಲೆ ಬೇಕು, ಬೆನ್ನ ಮೇಲೆ ಒಂದೇ ಸಮನೆ ತಟ್ಟಬೇಕು, ಯಾರೂ ಮಾತಾಡಬಾರದು. “ಇವನಪ್ಪನೂ ಹೀಗೇ, ನಿದ್ದೆ ಅಂದ್ರೆ ಜಗಳ” ಅಂತ ಅತ್ತೆ ಹೇಳುತ್ತಾರೆ. ಒಡಹುಟ್ಟಿದವರು ಸರಾಸರಿ ಅರ್ಧದಷ್ಟು ಜೀನುಗಳನ್ನು ಹಂಚಿಕೊಂಡಿರುತ್ತಾರೆ ಅನ್ನೋದನ್ನು ಓದಿದ್ದೆ. ಇನ್ನರ್ಧ ಬೇರೆ ಅನ್ನೋದನ್ನು ರಾತ್ರಿ ಎರಡು ಗಂಟೆಗೆ ಇವನನ್ನು ಎತ್ತಿಕೊಂಡು ಓಡಾಡುವಾಗ ಅನುಭವಿಸುತ್ತಿದ್ದೇನೆ.

ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಎಂಬ ಇಬ್ಬರು ಮನೋವೈದ್ಯರು 1956ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಅಧ್ಯಯನ ಶುರು ಮಾಡಿದರು. ಎಳೆಯ ಮಕ್ಕಳನ್ನು ಆರಿಸಿಕೊಂಡು, ಅವರು ದೊಡ್ಡವರಾಗುವವರೆಗೂ ನೋಡುತ್ತಾ ಹೋದರು. ಕೂಸಾಗಿದ್ದಾಗಲೇ ಮಕ್ಕಳ ಸ್ವಭಾವ ಬೇರೆ ಬೇರೆಯಾಗಿ ಕಾಣುತ್ತದೆ, ಎಲ್ಲಕ್ಕೂ ತಾಯಿಯನ್ನೇ ಹೊಣೆ ಮಾಡಬೇಡಿ ಅಂತ ಅವರು ಹೇಳಿದರು. ಆ ಕಾಲದಲ್ಲಿ ಅದು ದೊಡ್ಡ ಮಾತು. ಮಗು ಎಷ್ಟು ಚಟುವಟಿಕೆಯಿಂದಿದೆ, ಹಸಿವು ನಿದ್ದೆ ಹೊತ್ತಿಗೆ ಸರಿಯಾಗಿ ಬರುತ್ತಾ, ಹೊಸದನ್ನು ಕಂಡರೆ ಮುಂದೆ ಹೋಗುತ್ತಾ ಹಿಂದೆ ಸರಿಯುತ್ತಾ, ಅಳು ನಗು ಎಷ್ಟು ಜೋರು ಅಂತೆಲ್ಲ ಒಂಬತ್ತು ಗುಣಗಳನ್ನು ಅವರು ಪಟ್ಟಿ ಮಾಡಿದ್ದರು. ನನ್ನ ಇಬ್ಬರನ್ನೂ ಆ ಒಂಬತ್ತರಲ್ಲಿ ಇಟ್ಟು ನೋಡಿದೆ. ಹೆಚ್ಚಿನವುಗಳಲ್ಲಿ ಅಕ್ಕ ಒಂದು ಕಡೆ, ತಮ್ಮ ಇನ್ನೊಂದು ಕಡೆ. ಹಿಡಿದ ಕೆಲಸ ಬಿಡದಿರುವುದರಲ್ಲಿ ಮಾತ್ರ ಇಬ್ಬರೂ ಒಂದೇ ತರಹ.

ಆ ಮನೋವೈದ್ಯರು ಸ್ವಭಾವ ನೋಡಿ ಮಾಡಿದ ಮಕ್ಕಳ ಗುಂಪುಗಳಲ್ಲಿ ‘ನಿಧಾನವಾಗಿ ಹೊಂದಿಕೊಳ್ಳುವ ಮಕ್ಕಳು’ ಅಂತ ಒಂದಿದೆ. ಅದನ್ನು ಓದುವಾಗ ನನ್ನ ಕಣ್ಣ ಮುಂದೆ ಮಗಳೇ ಬಂದಳು. ಒಂಬತ್ತು ತಿಂಗಳಲ್ಲಿ ಅವಳು ಹೊಸಬರನ್ನು ಕಂಡರೆ ನನ್ನ ಹೆಗಲಲ್ಲಿ ಮುಖ ಹುದುಗಿಸಿ ಅಳುತ್ತಿದ್ದಳು. ಆ ವಯಸ್ಸಿಗೆ ಅದು ಸಾಮಾನ್ಯವೇ, ಆದರೆ ಅವಳಲ್ಲಿ ಅದು ಬಹಳ ದಿನ ಉಳಿಯಿತು. ಮಗನಿಗೂ ಹೊಸಬರು ಹೊಸಬರೇ ಅಂತ ಗೊತ್ತು, ಒಂದು ಗಳಿಗೆ ದಿಟ್ಟಿಸಿ ನೋಡುತ್ತಾನೆ, ಆಮೇಲೆ ಕನ್ನಡಕ ಕಿತ್ತುಕೊಳ್ಳಲು ಕೈ ಚಾಚುತ್ತಾನೆ. ಅವನಿಗೆ ನಾನು ಏನನ್ನೂ ಬೇರೆಯಾಗಿ ಕಲಿಸಿಲ್ಲ. ಅವಳಿಗೂ ಕಲಿಸಿರಲಿಲ್ಲ.

ಇದು ತಿಳಿದ ಮೇಲೆ ಮಗಳ ಜೊತೆ ನಾನು ಇರುವ ರೀತಿಯೇ ಬದಲಾಗಿದೆ. ಹೊಸ ಮನೆಗೆ ಹೋದಾಗ “ಹೋಗು ಪುಟ್ಟಿ, ಎಲ್ಲರ ಜೊತೆ ಆಡು” ಅಂತ ದೂಡುವುದಿಲ್ಲ. ಸುಮ್ನೆ ಪಕ್ಕದಲ್ಲಿ ಕೂತಿರುತ್ತೇನೆ. ಅವಳು ಯಾರು ಏನು ಆಡುತ್ತಿದ್ದಾರೆ, ಯಾರು ಜೋರು, ಯಾರು ಪಾಪ ಅಂತೆಲ್ಲ ನೋಡಿಕೊಳ್ಳುತ್ತಾಳೆ. ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಆದ ಮೇಲೆ ತಾನಾಗಿ ಎದ್ದು ಹೋಗುತ್ತಾಳೆ. ಹೋದ ಮೇಲೆ ಹೊರಡೋಣ ಅಂದರೂ ಬರುವುದಿಲ್ಲ. ಮಂಚ ಬಿಟ್ಟು ನಡೆದವಳೇ ಅಲ್ವಾ ಇವಳು?

ಮಾತಿನ ವಿಷಯದಲ್ಲಿ ಅಕ್ಕ ಮುಂದು. ಹತ್ತು ತಿಂಗಳಿಗೆ ಬೆರಳು ತೋರಿಸಿ “ಅದೂ” ಅನ್ನುತ್ತಿದ್ದಳು, ಅಮ್ಮ ಅಂತ ನನ್ನನ್ನೇ ಕರೆಯುತ್ತಿದ್ದಳು. ಇವನದು ಇನ್ನೂ ಬಬಬ, ದದದ. ಹೆಸರು ಕೂಗಿದರೆ ತಿರುಗುತ್ತಾನೆ, ಹುಟ್ಟಿದಾಗ ಮಾಡಿದ ಕಿವಿಯ ಪರೀಕ್ಷೆಯೂ ಸರಿಯಿತ್ತು, ಹಾಗಾಗಿ ಕಾಯುತ್ತಿದ್ದೇನೆ. ಎಲ್ಲವನ್ನೂ ‘ಒಂದೊಂದು ಮಗು ಒಂದೊಂದು ತರಹ’ ಅಂತ ತಳ್ಳಿಹಾಕುವವಳು ನಾನಲ್ಲ. ಒಂಬತ್ತು ತಿಂಗಳಾದರೂ ಆಸರೆಯಿಲ್ಲದೆ ಕೂರದಿದ್ದರೆ, ವರ್ಷ ತುಂಬಿದರೂ ಹೆಸರು ಕರೆದಾಗ ತಿರುಗದಿದ್ದರೆ, ಒಂದೂವರೆ ವರ್ಷವಾದರೂ ನಡೆಯದಿದ್ದರೆ, ಕಲಿತದ್ದನ್ನು ಮಗು ಬಿಟ್ಟುಬಿಟ್ಟರೆ ಕಾಯಬಾರದು, ಡಾಕ್ಟರಿಗೆ ತೋರಿಸಬೇಕು. ಅಕ್ಕನ ಜೊತೆ ಹೋಲಿಸಿ ಹುಟ್ಟುವ ಭಯ ಬೇರೆ, ಇದು ಬೇರೆ.

ಇನ್ನೊಂದು ವಿಷಯ. ಇಬ್ಬರೂ ಒಂದೇ ಮನೆಯಲ್ಲಿ ಹುಟ್ಟಿದರು ಅನ್ನುತ್ತೇವೆ, ನಿಜವಾಗಿ ಹಾಗಲ್ಲ. ಅವಳು ಹುಟ್ಟಿದ ಮನೆಯಲ್ಲಿ ಎರಡು ದೊಡ್ಡ ಮುಖಗಳು ಸದಾ ಅವಳನ್ನೇ ನೋಡುತ್ತಿದ್ದವು. ಇವನು ಹುಟ್ಟಿದ ಮನೆಯಲ್ಲಿ ಆಗಲೇ ಒಬ್ಬಳು ಕುಣಿಯುತ್ತಿದ್ದಳು, ಹಾಡುತ್ತಿದ್ದಳು, ಗೋಡೆ ತುಂಬಾ ಗೀಚುತ್ತಿದ್ದಳು. ಇವನ ಮೊದಲ ಗಹಗಹ ನಗು ಬಂದದ್ದು ನನಗಲ್ಲ, ಅವಳು ತಲೆಯ ಮೇಲೆ ಬುಟ್ಟಿ ಹಾಕಿಕೊಂಡು ನಿಂತಿದ್ದಕ್ಕೆ. ಇವನು ಇಷ್ಟು ಬೇಗ ಎದ್ದು ನಿಲ್ಲಲು ಅರ್ಧ ಕಾರಣ ಅವಳೇ ಅಂತ ನನಗನ್ನಿಸುತ್ತದೆ. ಅವಳಿರುವ ಎತ್ತರಕ್ಕೆ ಹೋಗಬೇಕು ಇವನಿಗೆ.

ಮೊನ್ನೆ ಇವನು ಅಳುವುದನ್ನು ಕೇಳಿ ಅವಳು ಕೇಳಿದಳು, “ಅಮ್ಮ, ನಾನೂ ಹಿಂಗೇ ಅಳ್ತಿದ್ನಾ?”

“ಇಲ್ಲ ಪುಟ್ಟಿ, ನೀನು ನೋಡ್ತಾ ಇರ್ತಿದ್ದೆ.”

“ಏನ್ ನೋಡ್ತಿದ್ದೆ?”

“ಡಬ್ಬದ ಮುಚ್ಚಳ. ಫ್ಯಾನು. ನನ್ನ ಮುಖ. ಎಲ್ಲಾನೂ.”

ಸ್ವಲ್ಪ ಹೊತ್ತು ಯೋಚಿಸಿ, “ಇನ್ನೂ ಹೇಳು” ಅಂದಳು. ಈಗ ದಿನಾ ರಾತ್ರಿ ಇದೇ ಕಥೆ ಬೇಕು. ತಾನು ಯಾವ ತರಹದ ಕೂಸಾಗಿದ್ದೆ ಅಂತ ಕೇಳುವುದರಲ್ಲಿ ಅವಳಿಗೆ ಎಷ್ಟು ಆಸೆ! ತಮ್ಮನ ಹೆಸರು ತರದೆ ಹೇಳಲು ನಾನು ಪ್ರಯತ್ನ ಪಡುತ್ತೇನೆ. ‘ನೀನು ಅವನ ಹಾಗೆ ಹಠ ಮಾಡುತ್ತಿರಲಿಲ್ಲ’ ಅಂದುಬಿಟ್ಟರೆ, ಹಠ ಮಾಡಬೇಕು ಅನ್ನಿಸಿದ ದಿನ ಅವಳು ಅದನ್ನು ನುಂಗಿಕೊಳ್ಳುತ್ತಾಳೆ. ‘ಅಕ್ಕ ಸಾಧು, ತಮ್ಮ ತುಂಟ’ ಅಂತ ನೆಂಟರು ಆಗಲೇ ಹೆಸರಿಟ್ಟಾಗಿದೆ. ನಾನು ಪ್ರತಿ ಸಲ ತಿದ್ದುತ್ತೇನೆ. ಅವಳು ಸಾಧು ಅಲ್ಲ, ಅಳೆದು ತೂಗಿ ನೋಡುವವಳು. ಅವನಿಗೆ ಇನ್ನೂ ಹತ್ತೇ ತಿಂಗಳು, ಏನಾಗುತ್ತಾನೋ ಆಗಲಿ ಬಿಡಿ.

ಇಬ್ಬರಿಗೂ ಒಂದೊಂದು ನೋಟ್‌ಬುಕ್ ಇಟ್ಟಿದ್ದೇನೆ. ಒಬ್ಬರ ಪುಸ್ತಕದಲ್ಲಿ ಇನ್ನೊಬ್ಬರ ಜೊತೆ ಹೋಲಿಕೆ ಬರಬಾರದು ಅನ್ನೋದೇ ನಿಯಮ. ಹೋಲಿಸುವ ಆಸೆ ತಡೆಯಲಾಗದೆ ಹೋದಾಗ ಹೀಗೆ ಬೇರೆ ಕಡೆ ಬರೆಯುತ್ತೇನೆ. ಈ ವಾರ ಅವನದರಲ್ಲಿ ಬರೆದದ್ದು: ಮೇಲಿನ ಎರಡು ಹಲ್ಲು ಒಟ್ಟಿಗೆ ಬಂದವು, ಬಾಗಿಲ ಸಂದಿಗೆ ಬೆರಳು ಹಾಕುವುದನ್ನು ಕಲಿತ, ಬಾಗಿಲುಗಳಿಗೆಲ್ಲ ಅಡ್ಡ ಬಟ್ಟೆ ಕಟ್ಟಬೇಕು. ಅವಳದರಲ್ಲಿ: ಎಡಗಾಲಿನ ಚಪ್ಪಲಿ ಬಲಗಾಲಿನ ಚಪ್ಪಲಿ ತಾನೇ ಗುರುತಿಸಿ ಹಾಕಿಕೊಂಡಳು, ಯಾರನ್ನೂ ಕೇಳಲಿಲ್ಲ.